ಒಂಬತ್ತನೇ ಅಂಗಳದ ಗದ್ದೆ

ಬಹಳ ಬಹಳ ಹಿಂದೆ, ಅಂದರೆ ಹೋದ ಚಳಿಗಾಲದಲ್ಲಿ, ಒಂದು ಪುಟ್ಟ ಬಿಳಿ ಚೆಂಡಿತ್ತು. ಅದಕ್ಕೆ ಅಪ್ಪ ಅಮ್ಮ ಇರಲಿಲ್ಲ, ಕೈಕಾಲೂ ಇರಲಿಲ್ಲ. ಇದ್ದದ್ದು ಒಂದೇ ಆಸೆ. ಊರಾಚೆ ಎಲ್ಲೋ ತನಗಾಗಿ ಒಂದು ಗುಳಿ ಕಾದಿದೆ, ಅಲ್ಲಿಗೆ ಹೋಗಿ ಮುದುಡಿಕೊಂಡು ಮಲಗಬೇಕು. ಚೆಂಡು ಗುಡ್ಡ ಇಳಿಯಿತು. ಹಳ್ಳಕ್ಕೆ ಹಾಕಿದ ಸಂಕ ದಾಟಿತು. ಹುಲ್ಲಿನ ಬಣವೆಗೆ ಒಂದು ಸುತ್ತು ಹಾಕಿ, ಮಲಗಿದ್ದ ಎಮ್ಮೆಯ ಬೆನ್ನಿಗೆ ಮೆಲ್ಲಗೆ ತಾಗಿ, ಅದರ ಬೈಗುಳ ಕೇಳಿಕೊಂಡು ಮುಂದೆ ಹೋಯಿತು. ಹೀಗೆ ಎಂಟು ಅಂಗಳ ದಾಟಿತು. ಒಂಬತ್ತನೆಯದಕ್ಕೆ ಬಂದದ್ದೇ ನಿಂತುಬಿಟ್ಟಿತು. ಶಿರಸಿಯಲ್ಲಿ ಆಡಿದರೂ ನಿಂತಿತು, ಸಿದ್ದಾಪುರದಲ್ಲಿ ಆಡಿದರೂ ನಿಂತಿತು, ಯಲ್ಲಾಪುರದಲ್ಲಿ ಆಡಿದರೂ ಅಲ್ಲೇ ನಿಂತಿತು.

ನನ್ನ ಅಜ್ಜಿಯ ಕತೆಯಲ್ಲಾಗಿದ್ದರೆ ಇಂಥ ಜಾಗದಲ್ಲಿ ಒಬ್ಬ ರಾಕ್ಷಸ ಇರುತ್ತಿದ್ದ. ಈ ಕತೆಯಲ್ಲಿ ಇದ್ದದ್ದು ಹುಬ್ಬಳ್ಳಿಯ ಒಂದು ಕಂಪನಿ.

ಚೆಂಡನ್ನು ಮಾಡಿದವನು ಸುಜಯ. ಸಿದ್ದಾಪುರದ ಕಡೆಯ ಹೇರೂರಿನವನು, ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಶಿರಸಿಯಲ್ಲಿ ಒಂದು ಕಟ್ಟಡದ ಮಹಡಿಯ ಮೇಲೆ ಅವನ ಕೋಣೆ. ಅದೇ ಕಟ್ಟಡದ ಕೆಳಗೆ ಫ್ಲೆಕ್ಸ್ ಅಂಗಡಿ, ಅಲ್ಲಿ ನಾನು. ಹುಟ್ಟುಹಬ್ಬದ ಬ್ಯಾನರುಗಳಲ್ಲಿ ಊರಿನ ಮುಖಂಡರ ಕೆನ್ನೆಯನ್ನು ಒಂದಿಷ್ಟು ಬೆಳ್ಳಗೆ ಮಾಡುವುದು ನನ್ನ ಕೆಲಸ. ಮಧ್ಯಾಹ್ನ ಡಬ್ಬಿ ಹಿಡಿದು ಮೇಲೆ ಹೋದರೆ ಅವನು ಚೆಂಡು ಉರುಳಿಸುತ್ತಾ ಕೂತಿರುತ್ತಿದ್ದ. ಅವನ ಆಟದ ಹೆಸರು 'ಹಸಿರುಗುಳಿ'. ಮೊಬೈಲಿನಲ್ಲಿ ಆಡುವ ಗಾಲ್ಫ್. ನಿಜವಾದ ಗಾಲ್ಫನ್ನು ನಾವಿಬ್ಬರೂ ಟೀವಿಯಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ, ಅದರಿಂದ ತೊಂದರೆಯೇನೂ ಆಗಲಿಲ್ಲ. ಬೆರಳಿನಿಂದ ಚೆಂಡನ್ನು ಹಿಂದಕ್ಕೆಳೆದು ಬಿಟ್ಟರೆ ಅದು ಉರುಳುತ್ತದೆ. ಪ್ರತಿ ಅಂಗಳಕ್ಕೂ ಮೂರೇ ಹೊಡೆತ. ಎಲ್ಲಿ ತಾಗಿಸಿ ಎಲ್ಲಿ ತಿರುಗಿಸಿದರೆ ಗುಳಿ ಸೇರುತ್ತದೆ ಎಂಬುದೇ ಒಗಟು. ತಪ್ಪಿದರೆ ಬೈಯುವುದಿಲ್ಲ, ಅಂಕ ಕಳೆಯುವುದಿಲ್ಲ. ಸಂಜೆ ಕರು ಕೊಟ್ಟಿಗೆಗೆ ಬರುವ ಹಾಗೆ ಚೆಂಡು ತಾನೇ ಹೊರಟ ಜಾಗಕ್ಕೆ ಬಂದು ನಿಲ್ಲುತ್ತದೆ. ಹಿಂದೆ ಕೆಂಬೂತ ಕೂಗುತ್ತಿರುತ್ತದೆ.

ಅಂಗಳಗಳ ನಡುವೆ ಬರುವ ಒಂದೊಂದು ಸಾಲಿನ ಕತೆ ನನ್ನದು. 'ಚೆಂಡು ಹಳ್ಳದ ಹತ್ತಿರ ದಾರಿ ಕೇಳಿತು. ಹಳ್ಳಕ್ಕೆ ಗೊತ್ತಿದ್ದದ್ದು ಒಂದೇ ದಾರಿ, ಕೆಳಕ್ಕೆ' ಎಂಬಂಥವು.

ಸುಜಯ ಮೊದಲು ಪರೀಕ್ಷೆಯ ತರಬೇತಿ ಕೊಡುವ ಒಂದು ಆ್ಯಪಿಗೆ ಕೆಲಸ ಮಾಡುತ್ತಿದ್ದ. ಅಲ್ಲಿ ಅವನ ಪಾಲಿಗೆ ಬಂದದ್ದು ಗಡಿಯಾರ ಕೂರಿಸುವುದು. ಮಕ್ಕಳು ಲೆಕ್ಕ ಬಿಡಿಸುವಾಗ ಮೂಲೆಯಲ್ಲಿ ಸೆಕೆಂಡುಗಳು ಕೆಂಪಾಗುತ್ತಾ ಓಡಬೇಕು. ಓಡಿಸಿ ಓಡಿಸಿ ಕೊನೆಗೆ ಅವನಿಗೇ ಊಟ ಮಾಡುವಾಗ ತಟ್ಟೆಯ ಮೂಲೆಯಲ್ಲಿ ಸೆಕೆಂಡು ಕಾಣತೊಡಗಿತು. ಬಿಟ್ಟು ಬಂದ. ಬಂದವನು ಮಾಡಿದ್ದೇ ಈ ಆಟ, ಯಾರಿಗೂ ಅವಸರ ಇಲ್ಲದ್ದು.

ಹುಬ್ಬಳ್ಳಿಯ ಕಂಪನಿ ಅದನ್ನು ಎಲ್ಲರಿಗೂ ಸಿಗುವಂತೆ ಬಿಡುಗಡೆ ಮಾಡಲು ಒಪ್ಪಿತ್ತು. ಅದಕ್ಕೆ ಮೊದಲು ಒಂದಿಷ್ಟು ಜನ ಆಡಿ ನೋಡಲಿ ಎಂದು ಸುಜಯ ನೆಂಟರಿಷ್ಟರಿಗೆಲ್ಲ ವಾಟ್ಸಾಪಿನಲ್ಲಿ ಕಳಿಸಿದ್ದ. ಒಂದು ಗುರುವಾರ ಕಂಪನಿಯ ಗೀತಾ ಮೇಡಂ ಫೋನು ಮಾಡಿದರು. ಸುಜಯ ಸ್ಪೀಕರಿಗೆ ಹಾಕಿದ.

"ಆಟ ಚಲೋ ಐತ್ರಿ, ಅದರಾಗ ಎರಡು ಮಾತಿಲ್ಲ. ಆದ್ರ ಮಂದಿ ಒಂಬತ್ತನೇ ಅಂಗಳಕ್ಕ ಬಂದು ನಿಂತ್ ಬಿಡ್ತಾರ್ರೀ. ಹತ್ತನೇದಕ್ಕ ಯಾರೂ ಹೋಗವಲ್ರು. ಬ್ಯಾಸರ ಆಗಿರಬೇಕು. ನಮ್ಮ ಸಾಹೇಬ್ರು ಏನಂತಾರ, ಒಂದು ಗಡಿಯಾರ ಹಾಕೂಣು ಅಂತಾರ. ಟೈಮ್ ಮುಗೀತಂದ್ರ ಕೆಂಪು ದೀಪ. ಜಾಹೀರಾತು ನೋಡಿದ್ರ ಇನ್ನೊಂದು ಹೊಡೆತ."

ಸುಜಯನ ಕೈಯಲ್ಲಿದ್ದ ತುತ್ತು ಡಬ್ಬಿಗೆ ವಾಪಸು ಹೋಯಿತು.

"ಗಡಿಯಾರ ಬೇಡ ಮೇಡಂ."

"ನನಗೂ ಮನಸ್ಸಿಲ್ರಿ. ಹಂಗಿದ್ರ ಆಡಿದವ್ರಿಗೆ ಏನನಿಸೇತಿ ಅಂತ ಖರೇ ಅಭಿಪ್ರಾಯ ಬರದು ಕಳಸ್ರಿ. ಸೋಮವಾರ ಮಧ್ಯಾಹ್ನ ಮೀಟಿಂಗ್ ಐತಿ. ಅಷ್ಟರೊಳಗ ಬರಲಿಲ್ಲಂದ್ರ ಗಡಿಯಾರ ಕುಂದ್ರತೈತಿ."

ಫೋನಿಟ್ಟು ಸುಜಯ ಡಬ್ಬಿ ಮುಚ್ಚಿದ. "ಗಡಿಯಾರ ಹಾಕಿದ್ರೆ ಅದು ನನ್ನ ಆಟ ಅಲ್ಲ ಭೂಮಿಕಾ. ಬಸ್ ಸ್ಟ್ಯಾಂಡು. ಅವರಿಗೇ ಕೊಟ್ಟು ಕೈ ತೊಳ್ಕೋತೀನಿ, ನನ್ನ ಹೆಸರೂ ಬೇಡ."

"ಅಭಿಪ್ರಾಯ ಬಂದಿರಬೇಕಲ್ಲ? ಅದನ್ನೇ ಕಳಿಸು."

ಅವನು ಮೊಬೈಲು ನನ್ನ ಮುಂದೆ ಹಿಡಿದ. ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. 'ಚೊಲೋ ಇದ್ದು ತಮಾ.' 'ಸೂಪರ್.' 'ಮನಸ್ಸಿಗೆ ತಂಪಾಗ್ತು.' ಮೂರು ಗುಲಾಬಿ, ಎರಡು ಕೈಮುಗಿತ. ಒಬ್ಬರು 'ಆಟ ಬಹಳ ಚೆನ್ನಾಗಿದೆ, ಅಪ್ಪಯ್ಯನ ಮಂಡಿನೋವು ಹೇಗಿದೆ' ಎಂದು ಕೇಳಿದ್ದರು. ಇನ್ನೊಬ್ಬರು ಐದು ನಕ್ಷತ್ರ ಒತ್ತಿ ಅದರ ಕೆಳಗೆ 'ನಾಳೆ ಡೌನ್‌ಲೋಡ್ ಮಾಡ್ತೇನೆ' ಎಂದು ಬರೆದಿದ್ದರು. ಒಂಬತ್ತರಲ್ಲಿ ಏಕೆ ನಿಂತಿರಿ ಎಂದು ಸುಜಯ ಒಬ್ಬೊಬ್ಬರನ್ನೂ ಕೇಳಿದ್ದ. ಎಲ್ಲರದೂ ಒಂದೇ ಉತ್ತರ. ಒಂಬತ್ತೂ ಚೊಲೋ ಇದ್ದು.

"ಇದನ್ನ ಕಳಿಸಿದ್ರೆ ನಾನೇ ಕೂತು ಬರೆದದ್ದು ಅಂತಾರೆ" ಎಂದ.

ಹಾರುವ ಕುದುರೆಯ ಮರಿಯನ್ನಾದರೂ ತಂದುಕೊಡುತ್ತೇನೆ ಎನ್ನುವ ರಾಜಕುಮಾರಿಯರ ಕತೆ ಕೇಳಿ ಬೆಳೆದವಳು ನಾನು. ಹಿಂದುಮುಂದು ನೋಡದೆ ಹೇಳಿಬಿಟ್ಟೆ. "ನಿಜವಾದ ಅಭಿಪ್ರಾಯ ನಾನು ತರ್ತೀನಿ. ತಂದು, ಬರೆದು, ಸೋಮವಾರದೊಳಗೆ ಕಳಿಸೋದು ನನ್ನ ಜವಾಬ್ದಾರಿ. ಆದ್ರೆ ಒಂದು ಮಾತು. ಏನು ಬರುತ್ತೋ ಅದನ್ನೇ ಬರೆಯೋದು, ನೀನು ನಡುವೆ ಬಾಯಿ ಹಾಕ್ಬಾರ್ದು."

"ಆಯ್ತು ಮಾರಾಯ್ತಿ."

ಒಂಬತ್ತನೇ ಅಂಗಳವನ್ನು ನಾನು ಆಡಿದ್ದು ಶುರುವಿನಲ್ಲಿ. ಆಗ ಅದಕ್ಕೆ ಬಣ್ಣ ಬಿದ್ದಿರಲಿಲ್ಲ, ಬರೀ ಗೆರೆಗಳಿದ್ದವು. ಎರಡೇ ಹೊಡೆತಕ್ಕೆ ದಾಟಿದ್ದೆ. ಕಷ್ಟದ ಅಂಗಳವೇ ಅಲ್ಲ. ಹಾಗಾಗಿ ಇದು ಇನ್ನೂ ವಿಚಿತ್ರವಾಗಿತ್ತು.

ಶನಿವಾರ ಮೊದಲು ಹೇರೂರಿಗೆ ಹೋದೆ. ಸ್ವಂತ ಮಗನಿಗೆ ಹೇಳದ್ದನ್ನು ಮಗನ ಗೆಳತಿಗಾದರೂ ಹೇಳಬಹುದು ಎಂಬ ಆಸೆ. ಸುಜಯನ ತಾಯಿ ಜಯಾ ಆಂಟಿ ಬಾಗಿಲಲ್ಲೇ, "ಬಾ ಬಾ ತಂಗಿ, ಆಸ್ರಿಗೆ ಎಂತ ಕೊಡ್ಲಿ? ಚಾವೋ, ಮಜ್ಜಿಗೆಯೋ?" ಎಂದರು. ನಾನು ಕೂರುವಷ್ಟರಲ್ಲಿ ಮಜ್ಜಿಗೆಯೂ ಬಂತು, ಚಹಾವೂ ಬಂತು, ಕಾಗದದಷ್ಟು ತೆಳ್ಳಗಿನ ಸಿಹಿ ತೊಡದೇವಿನ ಮೇಲೆ ತುಪ್ಪವೂ ಬಂತು.

"ಆಟ ಹೇಗಿದೆ ಆಂಟಿ? ನಿಜ ಹೇಳಿ, ಸುಜಯನಿಗೆ ಹೇಳೋದಿಲ್ಲ."

"ಅಯ್ಯೋ, ಭಾರಿ ಚೊಲೋ ಇದ್ದು. ಆಡ್ತಾ ಆಡ್ತಾ ಹಾಲು ಉಕ್ಸಿದ್ದಿ ಹೇಳಾತು!"

ಅದು ಒಳ್ಳೆಯ ಅಭಿಪ್ರಾಯವೇ. ಆದರೆ ಹಾಲು ಉಕ್ಕಿದ್ದು ನಾಲ್ಕನೇ ಅಂಗಳದಲ್ಲಿ.

ಸುಜಯನ ತಂದೆ ಗೋವಿಂದ ಅಂಕಲ್ ಜಗಲಿಯಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅದನ್ನೇ ಆಡುತ್ತಿದ್ದರು. ನಾನು ಹಿಂದೆ ನಿಂತು ನೋಡಿದೆ. ಒಂಬತ್ತನೇ ಅಂಗಳ. ಹಳದಿ ಬಣ್ಣ ತುಂಬಿ ನೋಡಲು ಬಲು ಚೆಂದವಾಗಿತ್ತು. ಅವರು ಚೆಂಡನ್ನು ಒಂದು ಸಲ, ಮಲಗಿದ ಮಗುವನ್ನು ತಟ್ಟುವಷ್ಟು ಹಗುರಾಗಿ ಹೊಡೆದರು. ಅದು ಹಳದಿಯ ಅಂಚಿಗೆ ಹೋಗಿ ನಿಂತಿತು. ಇನ್ನೂ ಎರಡು ಹೊಡೆತ ಬಾಕಿಯಿತ್ತು. ಅವರು ಸ್ವಲ್ಪ ಹೊತ್ತು ನೋಡಿ, "ಸಾಕು ಇವತ್ತಿಗೆ" ಎಂದು ಮೊಬೈಲು ಮಡಿಲಲ್ಲಿ ಇಟ್ಟರು.

"ಮುಂದೆ ಹೊಡೀರಿ ಅಂಕಲ್."

"ಹೊಡೆದ್ರಾತು. ಎಂತ ಗಡಿಬಿಡಿ? ಹಕ್ಕಿ ಕೂಗದು ಭಾರಿ ಚೊಲೋ ಮಾಡಿದ್ದ ನಮ್ಮ ಮಾಣಿ."

"ಇಲ್ಲಿ ಏನಾದ್ರೂ ತಪ್ಪಿದೆಯಾ?"

"ತಪ್ಪೆಲ್ಲಿದ್ದು? ಎಲ್ಲ ಚೊಲೋ ಇದ್ದು. ಏ, ಆ ಕೂಸಿಗೆ ಇನ್ನೊಂದು ತೊಡದೇವು ಹಾಕೆ!"

ಹೊಟ್ಟೆ ತುಂಬಿತು, ಕೈಗೆ ಏನೂ ಸಿಗಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಯೋಚಿಸಿದೆ. ನಮ್ಮ ಕಡೆ ಊಟಕ್ಕೆ ಕೂತಾಗ ಸಾರು ಹೇಗಿದೆ ಎಂದು ಕೇಳಿದರೆ ಸಿಗುವುದು ಒಂದೇ ಉತ್ತರ. ಉಪ್ಪೇ ಇಲ್ಲದಿದ್ದರೂ ಅದೇ ಉತ್ತರ. ಸುಜಯ ಆಟ ಕಳಿಸಲಿಲ್ಲ, ಎಲ್ಲರಿಗೂ ಎಲೆ ಹಾಕಿ ಬಡಿಸಿದ್ದ. ಬಡಿಸಿದವನ ಮುಖ ನೋಡಿ ಕುಂದು ಹೇಳುವವರು ಮೂರು ತಾಲೂಕಿನಲ್ಲಿ ಯಾರಿದ್ದಾರೆ?

ಹಾಗೆಂದುಕೊಳ್ಳುವಾಗಲೇ ನನಗೆ ನಂದೊಳ್ಳಿಯ ಆಲೆಮನೆ ನೆನಪಾಯಿತು.

ಯಲ್ಲಾಪುರದ ಆಚೆ ನಂದೊಳ್ಳಿಯಲ್ಲಿ ನನ್ನ ಅಜ್ಜಿ ದುರ್ಗಿಯ ಮನೆ. ಕತೆಗಳೆಲ್ಲ ಅಲ್ಲಿಯವೇ. ಸೋದರಮಾವ ಕೆರಿಯಪ್ಪ ಪ್ರತಿ ವರ್ಷ ಗದ್ದೆಯಲ್ಲಿ ಚಪ್ಪರ ಹಾಕಿ ಕಬ್ಬು ಅರೆದು ಬೆಲ್ಲ ಕಾಯಿಸುತ್ತಾನೆ. ಆಲೆಮನೆಗೆ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ದಾರಿಯಲ್ಲಿ ಹೋಗುವವರೂ ಇಳಿದು ಬಂದು ಹೊಟ್ಟೆ ತುಂಬ ಕಬ್ಬಿನ ಹಾಲು ಕುಡಿಯಬಹುದು. ಎಲೆಯ ಮುಂದೆ ಬಾಯಿ ಬಿಡದವರು ಅಲ್ಲಿ ಮಾತ್ರ ಬಿಡುತ್ತಾರೆ. ಹಾಲು ಸಪ್ಪೆ, ಈ ಗದ್ದೆಯದು ಉಪ್ಪುಪ್ಪು, ಬೆಲ್ಲ ಕರಿಯಾಯಿತು, ಬೆಂಕಿ ಹೆಚ್ಚಾಯಿತು ಎಂದು ನಿಂತಲ್ಲೇ ಹೇಳುತ್ತಾರೆ. ಹೇಳಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ಹಾಗೆ ಹೇಳದಿದ್ದರೆ ಕೊಪ್ಪರಿಗೆಯ ಪಾಕವೇ ಕೆಟ್ಟುಹೋಗುತ್ತದೆ.

ಭಾನುವಾರ ಮಧ್ಯಾಹ್ನ ಸುಜಯನ ಬೈಕಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವನಿಗೆ ಪಾಠ ಹೇಳಿದೆ.

"ಆಟ ನಿಂದು ಅಂತ ಯಾರಿಗೂ ಗೊತ್ತಾಗ್ಬಾರ್ದು. ಹುಬ್ಬಳ್ಳಿಯವರದ್ದು ಅಂತೀನಿ. ನೀನು ಹಾಲು ಕುಡೀತಾ ಸುಮ್ನೆ ನಿಂತಿರು."

"ಬೈದ್ರೆ?"

"ಬೈದ್ರೆ ಇನ್ನೊಂದು ಲೋಟ ಕುಡಿ."

ಚಪ್ಪರದ ಹತ್ತಿರ ಹೋಗುವಾಗಲೇ ಹೊಗೆ ಮತ್ತು ಬೆಲ್ಲದ ಪರಿಮಳ ಎದುರು ಬಂತು. ಕೋಣ ಕಟ್ಟುವ ಗಾಣ ಹೋಗಿ ಯಂತ್ರದ ಗಾಣ ಬಂದು ವರ್ಷಗಳಾದವು. ಆದರೂ ಕೆರಿಯಪ್ಪ ಮಾವ ಅದು ನಿಧಾನವಾದರೆ 'ಹೋಯ್, ಹೋಯ್' ಎಂದು ಗದರುತ್ತಾನೆ. ಅವನ ಮಗಳು ರಕ್ಷಿತಾ, ನನಗಿಂತ ಎರಡು ವರ್ಷ ಚಿಕ್ಕವಳು, ಮಂಡಕ್ಕಿ ಮಿರ್ಚಿಯ ಬುಟ್ಟಿ ಹಿಡಿದು ಓಡಾಡುತ್ತಿದ್ದಳು. ಅಜ್ಜಿ ಒಲೆಯಿಂದ ದೂರದಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದಳು.

"ಬಂದ್ಯನೇ ಭೂಮಿ? ಇವ್ರು ಯಾರು?" ಎಂದ ಮಾವ.

"ನಮ್ಮ ಕಟ್ಟಡದಲ್ಲೇ ಕೆಲಸ ಮಾಡೋರು ಮಾವ. ಹಾಲು ಕುಡೀಲಿಕ್ಕೆ ಬಂದ್ರು."

"ಶಿರಸಿಯಿಂದ ಇಷ್ಟು ದೂರ, ಬರೀ ಹಾಲು ಕುಡೀಲಿಕ್ಕೆ" ಎಂದು ರಕ್ಷಿತಾ ರಾಗ ಎಳೆದಳು. "ಅಲ್ಲಿ ನೀರೂ ಸಿಗೂದಿಲ್ಲ ಕಾಣ್ತದೆ ಪಾಪ."

ಸುಜಯ ತಕ್ಷಣ ಒಂದು ಲೋಟದ ಹಿಂದೆ ಅಡಗಿದ.

ನಾನು ಮೊಬೈಲು ತೆಗೆದು, ಹುಬ್ಬಳ್ಳಿಯವರದ್ದೊಂದು ಹೊಸ ಆಟ, ಹೇಗಿದೆ ನೋಡಿ ಹೇಳಿ ಎಂದೆ. ಗಾಣದ ಸುತ್ತ ಇದ್ದ ಹತ್ತಾರು ಜನ ಮುತ್ತಿಕೊಂಡರು. ಮೊಬೈಲು ಕೈಯಿಂದ ಕೈಗೆ ಹೋಯಿತು. ಅಭಿಪ್ರಾಯಗಳು ಉದುರತೊಡಗಿದವು.

"ಚೆಂಡು ಎಂತಕ್ಕೆ ಇಷ್ಟು ಸಣ್ಣ? ಕನ್ನಡಕ ಹಾಕ್ದೋರಿಗೆ ಕಾಂಬುದು ಬ್ಯಾಡ್ವ?"

"ಗಾಲ್ಫ್ ಅಂದ್ರೆ ಗೋಲಿಯೇ. ದುಡ್ಡಿದ್ದೋರು ಬಗ್ಗೂಕೆ ಆಗ್ದೆ ಕೋಲು ಹಿಡ್ಕಂಡಿದಾರೆ."

"ಎಮ್ಮೆಗೆ ತಾಗಿದ್ರೂ ಎಮ್ಮೆ ಏಳೂದಿಲ್ಲ. ಇದು ಹಾಲು ಕೊಡೂ ಎಮ್ಮೆ ಅಲ್ಲ."

"ಹಕ್ಕಿ ಕೂಗಿದ್ದು ಖುಷಿಯಾತು. ನಮ್ಮನೆ ಹಿಂದೆ ಕೂಗ್ದಂಗೇ ಐತಿ."

ರಕ್ಷಿತಾ ಮೂರು ಅಂಗಳ ಆಡಿ ಮೊಬೈಲು ವಾಪಸು ಕೊಟ್ಟಳು. "ನಿದ್ದೆ ಬತ್ತದೆ ಭೂಮಕ್ಕ. ಹೊಡೆದ್ರೆ ಪಟಾರ್ ಅಂತ ಹೊಡೀಬೇಕು. ಸೋತ್ರೂ ಬೈಯೂದಿಲ್ಲ, ಗೆದ್ರೂ ಚಪ್ಪಾಳೆ ಇಲ್ಲ. ಇದನ್ನ ಮಾಡ್ದವ ಮದುವೆ ಮನೇಲೂ ಪಿಸುಪಿಸು ಮಾತಾಡವ ಇರ್ಬೇಕು."

ಸುಜಯ ಎರಡನೇ ಲೋಟ ತೆಗೆದುಕೊಂಡ.

ಅಜ್ಜಿಗೂ ತೋರಿಸಿದೆ. ಅವಳು ಬೆರಳು ತಾಗಿಸಲಿಲ್ಲ. ಚೆಂಡು ಸೋತು ಮೊದಲಿನ ಜಾಗಕ್ಕೆ ಬಂದು ನಿಂತದ್ದನ್ನು ನೋಡಿ, "ಇದಕ್ಕೆ ಯಾರೂ ಬೈಯೂದಿಲ್ಲ ಅಲ್ದಾ? ಹಂಗಾದ್ರೆ ಚೊಲೋ" ಎಂದಳು. ಅಷ್ಟೇ ಅವಳ ಅಭಿಪ್ರಾಯ.

ಕೆರಿಯಪ್ಪ ಮಾವನಿಗೆ ಮಾತ್ರ ಆಟ ಹತ್ತಿಬಿಟ್ಟಿತು. ಗಾಣದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಕಬ್ಬಿನ ಹೊರೆಯ ಮೇಲೆ ಕೂತು, ಒಂದಾದ ಮೇಲೊಂದು ಅಂಗಳ ದಾಟಿದ. ಎಂಟು ಮುಗಿಯಿತು. ಒಂಬತ್ತು ಬಂತು. ಸುಜಯ ನನ್ನ ಪಕ್ಕಕ್ಕೆ ಬಂದು ನಿಂತ.

ಪರದೆಯ ನಡುವೆ ಹಳದಿ ಗದ್ದೆ. ಗದ್ದೆಯ ಆಚೆ ಗುಳಿ. ಮಾವ ಮೊದಲ ಸಲ ಚೆಂಡನ್ನು ಗದ್ದೆಯ ಬದುವಿನ ಮೇಲೆ ಹೊಡೆದ. ಬದು ಕಿರಿದು, ಚೆಂಡು ಕಾಲುವೆಗೆ ಬಿತ್ತು. ಇನ್ನೊಂದು ಕಡೆಯ ಬದುವಿನಲ್ಲಿ ಹೊಡೆದ, ಮೂಲೆ ತಿರುಗುವಷ್ಟರಲ್ಲಿ ಹೊಡೆತ ಮುಗಿಯಿತು. ಮತ್ತೆ ಮೊದಲಿನಿಂದ, ಮತ್ತೆ ಬದುವಿನ ಮೇಲೆ.

"ಅಪ್ಪಾ, ನಡುವೆ ಹೊಡಿ. ನೆಟ್ಟಗೆ ಹೋದ್ರೆ ಗುಳಿಯೇ" ಎಂದಳು ರಕ್ಷಿತಾ.

ಮಾವ ಮಗಳನ್ನು ಕೆಕ್ಕರಿಸಿ ನೋಡಿದ. "ನಿಂಗೆ ಮಂಡೆ ಸಮ ಐತನೇ? ತೆನೆ ಬಗ್ಗಿ ನಿಂತದೆ. ಇದ್ರ ಮೇಲೆ ಚೆಂಡು ಬಿಟ್ರೆ ಕಾಳು ಉದುರೂದಿಲ್ವ?"

"ಅದು ಮೊಬೈಲಪ್ಪ!"

"ಮೊಬೈಲಾದ್ರೆ? ಬೆಳೆದವ್ರು ಇಲ್ವ ಅದಕ್ಕೆ?"

ಸುತ್ತ ನಿಂತವರೆಲ್ಲ ಬಗ್ಗಿ ನೋಡಿದರು.

"ಹೌದು ಮಾರಾಯ, ಕೊಯ್ಲಿಗೆ ಬಂದದೆ. ನಾಕು ದಿನದಾಗೆ ಕೊಯ್ಯೂದೇ."

"ಹಂಗಾದ್ರೆ ನಾಕು ದಿನ ಬಿಟ್ಟು ಹೊಡೀಬೇಕು. ಅದೇ ಇದ್ರ ಒಗಟು."

"ಗದ್ದೆ ಯಾರದ್ದು? ಅವ್ರನ್ನ ಕೇಳಿ ದಾಟೂದಪ್ಪ."

"ಇಲ್ಲಿ ಕತ್ತಿ ಕೊಡೂದಿಲ್ವ? ಕತ್ತಿ ಎಲ್ಲಿ ಒತ್ತೂದು?"

"ಯಾವನೋ ಅಕ್ಕಿ ಅಂಗಡೀಲಿ ಬೆಳೀತದೆ ಅಂದ್ಕಂಡವ ಮಾಡಿರ್ಬೇಕು ಇದ್ನ."

ಇಲ್ಲಿ ಸುಜಯನಿಗೆ ಹಾಲು ನೆತ್ತಿಗೇರಿತು. ಕೆಮ್ಮುತ್ತಲೇ ಮುಂದೆ ಬಂದ. "ಅಲ್ಲ, ಅದು ಬರೀ ಹಳದಿ ಬಣ್ಣ! ಚೆಂಡು ಅದರ ಮೇಲೆ ಹೋಗ್ಲಿ ಅಂತಲೇ ಇರೋದು!"

"ಬರೀ ಬಣ್ಣ ಆದ್ರೆ ತೆನೆ ಎಂತಕ್ಕೆ ಬರ್ದಿದಾನೆ? ಗಾಳಿಗೆ ಹೆಂಗೆ ತೂಗ್ತದೆ ನೋಡಿ, ಥೇಟ್ ನಮ್ಮ ಗದ್ದೆ" ಎಂದ ಮಾವ.

"ತೂಗಿದ್ರೆ ಚೆಂದ ಅಂತ ಬರೆದೆ."

ಎಲ್ಲರ ತಲೆಯೂ ಅವನ ಕಡೆ ತಿರುಗಿತು.

"ಓ, ನೀವಾ!" ಎಂದಳು ರಕ್ಷಿತಾ. ಚಪ್ಪರವೆಲ್ಲ ನಕ್ಕಿತು. ಅಕ್ಕಿ ಅಂಗಡಿಯ ಮಾತಾಡಿದವರು ನಾಲಿಗೆ ಕಚ್ಚಿಕೊಂಡು, "ಹಂಗಲ್ಲ ತಮ್ಮಾ, ಆಟ ಭಾರಿ ಚೊಲೋ ಐತಿ" ಎಂದು ಶುರು ಮಾಡಿದರು. ಮಾವ ಕೈಯೆತ್ತಿ ತಡೆದ. "ಈಗ ಚೊಲೋ ಅನ್ಬ್ಯಾಡಿ ಮಾರಾಯ್ರ. ಮಾಡಿದವ್ರು ಎದ್ರಿಗೇ ಇದಾರೆ, ಕೊಯ್ಲು ಎಂದು ಅಂತ ಕೇಳೂಣ."

ಸುಜಯನಿಗೆ ಸಿಟ್ಟು ಬಂದಿದೆಯೋ ಅಳು ಬಂದಿದೆಯೋ ಗೊತ್ತಾಗಲಿಲ್ಲ. ಅವನು ಹೊರಗೆ ಹೋಗಿ, ಸಿಗ್ನಲ್ ಸಿಗುವ ಒಂದು ದಿಬ್ಬದ ಮೇಲೆ ನಿಂತು ಮನೆಗೆ ಫೋನು ಹಚ್ಚಿದ. ನಾನೂ ಹಿಂದೆಯೇ ಹೋದೆ.

"ಅಪ್ಪಯ್ಯ, ಒಂಬತ್ತರಲ್ಲಿ ಎಂತಕ್ಕೆ ನಿಂತ್ಗಂಡಿದ್ದೆ?"

ಆ ಕಡೆಯಿಂದ ಗೋವಿಂದ ಅಂಕಲ್ ದನಿ ನನಗೂ ಕೇಳಿತು. "ಎಂತ ಇಲ್ಲೆ ತಮಾ. ಗದ್ದೆ ಕೊಯ್ಲಾಗ್ಲಿ ಹೇಳಿ ಕಾಯ್ತಾ ಇದ್ದಿ. ದಿನಾ ತೆಗೆದು ನೋಡ್ತಿ. ಎಂದು ಕೊಯ್ಯಿಸ್ತೆ?"

"ಮೊದಲೇ ಹೇಳಲೆ ಎಂತ ಆಗಿತ್ತು?"

"ನೀ ಅಷ್ಟು ಕಷ್ಟಪಟ್ಟು ಮಾಡಿದ್ದೆ. ಊಟಕ್ಕೆ ಕೂತು ಉಪ್ಪು ಕಮ್ಮಿ ಹೇಳಿ ಹೇಳಲೆ ಆಗ್ತಾ?"

ಸುಜಯ ಫೋನಿಟ್ಟು, ಆಟದ ಲೆಕ್ಕ ತೋರಿಸುವ ಪುಟ ತೆಗೆದ. ಇಷ್ಟು ದಿನ ಅವನೂ ಗೀತಾ ಮೇಡಮ್ಮೂ ಯಾರು ಮುಂದೆ ಹೋಗಲಿಲ್ಲ ಎಂಬುದನ್ನಷ್ಟೇ ನೋಡಿದ್ದರು. ಯಾರು ವಾಪಸು ಬಂದರು ಎಂದು ನೋಡಿರಲಿಲ್ಲ. ಒಂಬತ್ತರಲ್ಲಿ ನಿಂತವರಲ್ಲಿ ಬಹಳಷ್ಟು ಜನ ದಿನಾ ಬಂದಿದ್ದರು. ಬೆಳಿಗ್ಗೆ ಹಾಲು ಕರೆದಾದ ಮೇಲೆ, ಮಧ್ಯಾಹ್ನ ಊಟವಾದ ಮೇಲೆ, ಬಸ್ಸಿನಲ್ಲಿ. ಬಂದು ಒಂದು ಹೊಡೆತ ಹೊಡೆದೋ ಹೊಡೆಯದೆಯೋ, ಗದ್ದೆಯನ್ನು ನೋಡಿ ಹೋಗಿದ್ದರು.

"ಬೇಸರ ಬಂದು ಬಿಟ್ಟದ್ದಲ್ಲ" ಎಂದ ಸುಜಯ. "ಕಾಯ್ತಾ ಇದ್ರು."

ನಂತರ ಮಾತಾಡಿದ್ದೆಲ್ಲ ಕೊಪ್ಪರಿಗೆಯ ಸುತ್ತ. ಕೊಯ್ಲು ಹೇಗಿರಬೇಕು ಎಂಬುದಕ್ಕೆ ಅಲ್ಲಿ ಒಮ್ಮತವೇನೂ ಆಗಲಿಲ್ಲ. ಆಡುವವರೇ ಕೊಯ್ಯಲಿ ಎಂದರು ಕೆಲವರು, ತಾನಾಗಿಯೇ ಆಗಲಿ ಎಂದರು ಕೆಲವರು. ಮಾವನಿಗೆ ಹೊರೆ ಕಟ್ಟುವುದೂ ಬೇಕಿತ್ತು. ಸುಜಯ ಅಷ್ಟೆಲ್ಲ ಆಗುವುದಿಲ್ಲ ಎಂದ. ಕೊನೆಗೆ, ಬದುವಿನ ಮೇಲೆ ಚೆಂಡನ್ನು ನಿಲ್ಲಿಸಿ ಹೋದರೆ ಮರುದಿನ ಬರುವಷ್ಟರಲ್ಲಿ ಗದ್ದೆ ಕೊಯ್ದಿರಲಿ, ಉಳಿದ ಕೂಳೆಯ ಮೇಲೆ ಚೆಂಡು ಉರುಳಲಿ ಎಂದು ಅವನೇ ತೀರ್ಮಾನಿಸಿದ. ಅವಸರದವರು ಈಗಿನ ಹಾಗೆ ನಡುವೆಯೇ ಹೊಡೆಯಬಹುದು.

"ಹೊಡೆದ್ರೆ ಕಾಳು ಉದುರ್ಲಿ" ಎಂದ ಮಾವ. "ಅಷ್ಟಾದ್ರೂ ಕಾಣ್ಲಿ."

ಸಂಜೆಗೆ ಸುಜಯ ಬಿಸಿ ನೊರೆಬೆಲ್ಲವನ್ನು ಬಾಳೆಲೆಯಲ್ಲಿ ತಿಂದು, ಗದ್ದೆ ಕೊಯ್ಯಿಸುವ ಕೆಲಸಕ್ಕೆ ಶಿರಸಿಗೆ ಹೊರಟ. ನಾನು ಅಜ್ಜಿಯ ಹತ್ತಿರ ಉಳಿದೆ. ಬರೆಯುವ ಕೆಲಸ ನನ್ನದಾಗಿತ್ತು. ಅಜ್ಜಿಯ ಪಕ್ಕ ಕೂತು ಬರೆಯುತ್ತೇನೆಂದುಕೊಂಡೆ. ಅವಳು ನರಿಯೊಂದು ಗಾಣಕ್ಕೆ ಬಾಲ ಕೊಟ್ಟ ಕತೆ ಶುರು ಮಾಡಿದಳು. ಒಂದಕ್ಷರವೂ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಗೀತಾ ಮೇಡಂ ಫೋನು. ಸುಜಯ ನಂಬರು ಕೊಟ್ಟಿದ್ದನಂತೆ.

"ಏನ್ರೀ ಭೂಮಿಕಾ, ಅಭಿಪ್ರಾಯ ಎಲ್ಲಿ? ನಮ್ಮ ಸಾಹೇಬ್ರು ಗಡಿಯಾರದ ಚಿತ್ರಾನೂ ತಗಿಸ್ಯಾರ."

ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಅದು ಭತ್ತದ ಗದ್ದೀ ಏನ್ರೀ? ನಾ ಉಸುಕು ಅಂತ ತಿಳದು ಒಂದ ಹೊಡೆತಕ್ಕ ದಾಟಿದ್ನೆಲ್ರೀ ಯವ್ವಾ!" ಎಂದರು. ನಂತರ ನಕ್ಕು, "ದಿನಾ ಬಂದು ನೋಡಿ ಹೋಗ್ತಾರಂದ್ರ ಗಡಿಯಾರ ಯಾಕ ಬೇಕು? ಆದ್ರ ಬಾಯಿಮಾತಿಗೆ ಸಾಹೇಬ್ರು ಒಪ್ಪಂಗಿಲ್ಲ. ಬರದು ಕಳಸ್ರಿ, ನಾ ಓದಿ ಹೇಳ್ತೀನಿ. ಬರೇ ಹೊಗಳಿಕಿ ಇದ್ರ ಮಾತ್ರ ನಂಬಂಗಿಲ್ಲ ನೋಡ್ರಿ."

ಶಿರಸಿಯ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಮೊಬೈಲಿನಲ್ಲಿ ಬರೆಯತೊಡಗಿದೆ. ಬಸ್ಸು ಕುಲುಕಿದಂತೆಲ್ಲ 'ಗದ್ದೆ' ಹೋಗಿ 'ಗಡ್ಡ' ಆಗುತ್ತಿತ್ತು, ಅಳಿಸಿ ಮತ್ತೆ ಬರೆದೆ. ಯಾರು ಏನು ಹೇಳಿದರೋ ಅದನ್ನೇ ಬರೆದೆ. ಚೆಂಡು ಸಣ್ಣದಾಯಿತು. ಎಮ್ಮೆ ಏಳುವುದಿಲ್ಲ. ಹಕ್ಕಿಯ ಕೂಗು ಮನೆಯ ಹಿಂದಿನದೇ. ಆಡುತ್ತಾ ಹಾಲು ಉಕ್ಕಿತು. ಸೋತರೆ ಬೈಯುವುದಿಲ್ಲ, ಹಾಗಾದರೆ ಚೊಲೋ. ಆಮೇಲೆ ಗದ್ದೆಯ ವಿಷಯ ಬರೆದೆ. ಬೆಳೆದು ನಿಂತ ಬೆಳೆಯ ಮೇಲೆ ಆಡಲು ಮನಸ್ಸಾಗದೆ ಎಷ್ಟು ಜನ ಎಷ್ಟು ತಾಳ್ಮೆಯಿಂದ ಬದುವಿನ ಮೇಲೆ ನಿಂತಿದ್ದಾರೆ ಎಂಬುದನ್ನು ಬರೆಯುವಾಗ, ಆ ಚೆಂಡಿನ ಜೊತೆ ಗೋವಿಂದ ಅಂಕಲ್ಲೂ ಕೆರಿಯಪ್ಪ ಮಾವನೂ ಸಾಲಾಗಿ ನಿಂತು ಗಾಳಿಗೆ ತೂಗುವ ತೆನೆ ನೋಡುತ್ತಿರುವ ಹಾಗೆ ಕಂಡಿತು.

ಸುಜಯನ ಫೋನು ಬಂತು.

"ಗದ್ದೆ ಕೊಯ್ದಾಯ್ತು ಭೂಮಿಕಾ. ಕೂಳೆ ಚೆಂದ ಬಂದಿದೆ. ನೀನು ಕಳಿಸಿದ್ಯಾ?"

"ಒಂದೇ ಬಾಕಿ. ರಕ್ಷಿತಾಳದು."

"ಅದನ್ನ ಬಿಟ್ಬಿಡು ಮಾರಾಯ್ತಿ. ನಿದ್ದೆ ಬರ್ತದೆ ಅಂತ ಓದಿದ್ರೆ ಅವರು ಗಡಿಯಾರ ಹಾಕಿಯೇ ಹಾಕ್ತಾರೆ."

"ನಡುವೆ ಬಾಯಿ ಹಾಕೋದಿಲ್ಲ ಅಂದಿದ್ದೆ."

"ಅಂದಿದ್ದೆ. ಆದ್ರೂ…"

ಬಸ್ಸು ಕಾಡಿನ ತಿರುವಿಗೆ ಹೊರಳಿತು, ಅವನ ದನಿ ಕಡಿದುಹೋಯಿತು. ಸಿಗ್ನಲ್ಲಿನ ಗೆರೆಗಳೂ ಒಂದೊಂದಾಗಿ ಮಾಯವಾದವು. ಬೆರಳು ಸ್ವಲ್ಪ ಹೊತ್ತು ಅಕ್ಷರಗಳ ಮೇಲೆ ಸುಮ್ಮನೆ ನಿಂತಿತು. ರಕ್ಷಿತಾಳ ಮಾತು ಬಿಟ್ಟರೆ ಇದು ಇನ್ನೊಂದು 'ಎಲ್ಲ ಚೊಲೋ ಇದ್ದು' ಆಗುತ್ತದೆ. ಗುಲಾಬಿ ಮತ್ತು ಕೈಮುಗಿತ ಸೇರಿಸುವುದಷ್ಟೇ ಬಾಕಿ.

ಬರೆದೆ. 'ರಕ್ಷಿತಾ, ನಂದೊಳ್ಳಿ: ಈ ಆಟ ಆಡಿದರೆ ನಿದ್ದೆ ಬರುತ್ತದೆ. ಗೆದ್ದರೆ ಚಪ್ಪಾಳೆ ಇಲ್ಲ. ಮಾಡಿದವರು ಮದುವೆ ಮನೆಯಲ್ಲೂ ಪಿಸುಗುಟ್ಟುವವರಿರಬೇಕು. ಮೂರು ಅಂಗಳಕ್ಕೇ ಬಿಟ್ಟೆ.' ಅದರ ಕೆಳಗೆ ಇನ್ನೊಂದು ಸೇರಿಸಿದೆ. 'ಗೀತಾ, ಹುಬ್ಬಳ್ಳಿ: ಗದ್ದೆಯನ್ನು ಉಸುಕು ಎಂದು ತಿಳಿದು ಒಂದೇ ಹೊಡೆತಕ್ಕೆ ದಾಟಿದೆ.'

ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದೆ. ಯಾರ ಮಾತನ್ನೂ ಬೆಳ್ಳಗೆ ಮಾಡಿರಲಿಲ್ಲ. ಕಳಿಸುವ ಗುಂಡಿ ಒತ್ತಿದೆ. ಅದು ಸುತ್ತುತ್ತಲೇ ಇತ್ತು. ಎರಡೂ ಬದಿಗೆ ಮರಗಳು, ಎಲೆಗಳ ನಡುವೆ ಚೂರು ಚೂರು ಬಿಸಿಲು. ಎದುರಿನ ಸೀಟಿನಲ್ಲಿ ಒಬ್ಬರು ತೂಕಡಿಸುತ್ತಿದ್ದರು. ಕಂಡಕ್ಟರು ಚಿಲ್ಲರೆ ಕೇಳುತ್ತಾ ಹಿಂದಿನಿಂದ ಬಂದು ಮುಂದೆ ಹೋದರು. ಕಾಡು ತೆಳ್ಳಗಾಗಿ, ಮೊದಲ ಮನೆಗಳು ಕಂಡು, ಒಂದು ಟವರು ಮರಗಳ ಮೇಲೆ ತಲೆಯೆತ್ತಿತು. ಮೊಬೈಲಿನಲ್ಲಿ ಒಂದು ಗೆರೆ ಬಂತು, ಮತ್ತೊಂದು ಬಂತು.

ಸುತ್ತುತ್ತಿದ್ದದ್ದು ನಿಂತಿತು. ಅಭಿಪ್ರಾಯಗಳು ಹುಬ್ಬಳ್ಳಿಗೆ ಹೋದವು.